ಪದಚರ್ಚೆ: ಟಿಲ್, ಔಟ್‌ವಾಶ್, ಲೇಕ್ ಕ್ಲೇ – ಮೂರಕ್ಕೂ "ಹಿಮನದಿ ನಿಕ್ಷೇಪ" ಅಂದ್ರೆ ಸಾಲುತ್ತಾ?

ಎಲ್ಲರಿಗೂ ನಮಸ್ಕಾರ,

ಸಿವಿಲ್ ಡಿಪ್ಲೊಮಾ ಓದೋ ಹುಡುಗರಿಗಾಗಿ ಪಾಯದ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೀತಿದೀನಿ. ಕೆನಡಾದ ವಿನಿಪೆಗ್ ಹತ್ರ ಟ್ರಾನ್ಸ್‌ಕೋನಾದಲ್ಲಿ 1913ರಲ್ಲಿ ವಾಲಿಹೋದ ಗೋಧಿ ಕಣಜದ ವಿಷಯ ಅದರಲ್ಲಿ ಬರುತ್ತೆ, ಹಿಮನದಿಯಿಂದ ಬಂದ ಮೂರು ಥರದ ಮಣ್ಣಿಗೆ (ಟಿಲ್, ಔಟ್‌ವಾಶ್, ಲೇಕ್ ಕ್ಲೇ) ಪದ ಸಿಗದೆ ಒದ್ದಾಡ್ತಿರೋದು ಅಲ್ಲೇ.

"ಹಿಮನದಿ ನಿಕ್ಷೇಪ" ಅಂತ ಬರೆದ್ರೆ ಎರಡು ತೊಂದರೆ. ನಿಕ್ಷೇಪ ಅಂದ ತಕ್ಷಣ ಚಿನ್ನದ ಗಣಿ, ಅದಿರು ನೆನಪಾಗುತ್ತೆ. ಅದಕ್ಕಿಂತ ಮುಖ್ಯವಾಗಿ, ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ನಡ್ಕೊಳ್ಳೋ ಮಣ್ಣುಗಳೆಲ್ಲ ಆ ಒಂದೇ ಹೆಸರಿನಡಿ ಬಂದ್ಬಿಡುತ್ವೆ. ಟಿಲ್ ಅಂದ್ರೆ ಹಿಮರಾಶಿ ತಾನು ಉಜ್ಜಿಕೊಂಡು ಬಂದ ಜೇಡಿ, ಮರಳು, ಗುಂಡುಕಲ್ಲು ಎಲ್ಲಾನೂ ಬೇರೆ ಮಾಡದೆ ಹಾಗೇ ಬಿಟ್ಟುಹೋಗಿರೋದು, ಮೇಲಿದ್ದ ಹಿಮದ ಭಾರಕ್ಕೆ ಒತ್ತಿ ಒತ್ತಿ ಗಟ್ಟಿಯಾಗಿದ್ರೆ ಪಾಯಕ್ಕೆ ಬಹಳ ಒಳ್ಳೇದು. ಔಟ್‌ವಾಶ್ ಅಂದ್ರೆ ಕರಗಿದ ನೀರು ಸಾಗಿಸಿ ಹರಡಿದ ಮರಳು, ಜಲ್ಲಿ, ಇದನ್ನ ಬೇಕಾದ್ರೆ ಮೆಕ್ಕಲು ಅನ್ನಬಹುದು, ಆದ್ರೆ ಟಿಲ್ಲನ್ನ ಮೆಕ್ಕಲು ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ, ಯಾಕಂದ್ರೆ ಅದನ್ನ ತಂದಿದ್ದು ಹರಿಯೋ ನೀರಲ್ಲ. ಮೂರನೇದು, ಅಂದ್ರೆ ಲೇಕ್ ಕ್ಲೇ, ಹಿಮ ಕರಗಿ ನಿಂತ ಸರೋವರದ ತಳದಲ್ಲಿ ಕೂತ ನುಣುಪು ಜೇಡಿ.

ವಿನಿಪೆಗ್ ಇರೋದು ಈ ಮೂರನೇ ಥರದ ಮಣ್ಣಿನ ಮೇಲೆ. ಹಿಂದೆ ಅಲ್ಲಿ ಅಗಾಸಿ ಅನ್ನೋ ದೊಡ್ಡ ಹಿಮಸರೋವರ ಇತ್ತು, ಅದರ ಜೇಡಿ ನಮ್ಮ ಧಾರವಾಡದ ಕಡೆ ಎರೆಮಣ್ಣಿನ ಥರಾನೇ ತೇವಕ್ಕೆ ಉಬ್ಬುತ್ತೆ, ಒಣಗಿದ್ರೆ ಬಿರಿಯುತ್ತೆ. ಜೇಡಿ ಕೆಳಗೆ ಟಿಲ್, ಅದರ ಕೆಳಗೆ ಸುಣ್ಣಕಲ್ಲು. ಕೆನಡಿಯನ್ ಪೆಸಿಫಿಕ್ ರೈಲ್ವೆಯವರು 10 ಲಕ್ಷ ಬುಶೆಲ್ (ಧಾನ್ಯ ಅಳೆಯೋ ಮಾಪು) ಹಿಡಿಸೋ ಕಣಜಾನ, 65 ಕಾಂಕ್ರೀಟ್ ಗೂಡುಗಳನ್ನ ಅಡಿಗೆ ಪೂರ್ತಿ ಹಾಸಿದ ಒಂದೇ ಕಾಂಕ್ರೀಟ್ ಚಪ್ಪಡಿ, ಅಂದ್ರೆ ರ‍್ಯಾಫ್ಟ್ ಮೇಲೆ ನಿಲ್ಲಿಸಿ, ಈ ಜೇಡಿ ಮೇಲೇ ಕಟ್ಟಿದ್ರು. ಮಣ್ಣು ನೋಡದೇನೂ ಕಟ್ಟಿರ್ಲಿಲ್ಲ, ಅಗೆದ ಗುಂಡಿ ತಳದಲ್ಲಿ ಚಿಕ್ಕ ತಟ್ಟೆ ಇಟ್ಟು ಭಾರ ಹೇರಿ ನೋಡಿದ್ರು, ಮಣ್ಣು ಚೆನ್ನಾಗೇ ತಡ್ಕೊಂಡಿತ್ತು. ಆದ್ರೆ ಚಿಕ್ಕ ತಟ್ಟೆಯ ಒತ್ತಡ ಸ್ವಲ್ಪ ಆಳಕ್ಕಷ್ಟೇ ಮುಟ್ಟುತ್ತೆ, ಅಷ್ಟಗಲದ ರ‍್ಯಾಫ್ಟಿನ ಒತ್ತಡ ತುಂಬಾ ಕೆಳಗಿಳಿಯುತ್ತೆ, ಅಲ್ಲಿದ್ದ ಜೇಡಿ ಮೇಲಿನದಕ್ಕಿಂತ ಮೆತ್ತಗಿತ್ತು. ಅಕ್ಟೋಬರ್ 18ರಂದು ಸುಮಾರು 8 ಲಕ್ಷ 75 ಸಾವಿರ ಬುಶೆಲ್ ತುಂಬಿದ್ದಾಗ ಒಂದು ಗಂಟೆಯೊಳಗೆ ಒಂದಡಿಯಷ್ಟು ಕೆಳಗಿಳಿದು, ಮಾರನೇ ದಿನದ ಹೊತ್ತಿಗೆ ಸುಮಾರು 27 ಡಿಗ್ರಿ ವಾಲಿಬಿಡ್ತು. ಗೂಡುಗಳು ಮಾತ್ರ ಒಡೀಲಿಲ್ಲ! ಆಮೇಲೆ ಸುಣ್ಣಕಲ್ಲಿನವರೆಗೂ ತೋಡಿ ಕಂಬ ಕೊಟ್ಟು, ಜಾಕ್ ಹಾಕಿ ಎತ್ತಿ, ಅದೇ ಕಣಜಾನ ನೆಟ್ಟಗೆ ಮಾಡಿದ್ರು.

ಇದನ್ನ "ಕಣಜ ಕುಸಿತ" ಅಂತ ಬರೆಯೋಕೆ ನನಗೆ ಮನಸ್ಸಿಲ್ಲ. ಪತ್ರಿಕೆಗಳಲ್ಲಿ ಕುಸಿತ ಅಂದ್ರೆ ಮುರಿದು ಬೀಳೋದು. ಮಣ್ಣು ನಿಧಾನಕ್ಕೆ ಅಮುಕಿಕೊಂಡು ಕಟ್ಟಡ ಇಳಿಯೋದಕ್ಕೆ, ಅಂದ್ರೆ ಸೆಟಲ್‌ಮೆಂಟಿಗೆ, "ಪಾಯ ಕೂತಿದೆ" ಅನ್ನೋ ಆಡುಮಾತಿಂದ "ಕೂರಿಕೆ" ಅಂತ ಮಾಡ್ಕೊಬಹುದಾ? ಟ್ರಾನ್ಸ್‌ಕೋನಾದಲ್ಲಿ ಆಗಿದ್ದು ಅದೂ ಅಲ್ಲ, ಭಾರ ಹೊರಲಾರದೆ ಅಡಿಯ ಮಣ್ಣೇ ಪಕ್ಕಕ್ಕೆ ಜಾರಿದ್ದು. ಅದಕ್ಕೆ "ನೆಲ ಸೋಲುವುದು" ಅಂತ ಸದ್ಯಕ್ಕೆ ಇಟ್ಕೊಂಡಿದೀನಿ.

ಇನ್ನೊಂದು ಪದ "ಬಂಡೆ". ಮಣ್ಣು ಎಷ್ಟು ಗಟ್ಟಿ ಅಂತ ನೋಡೋಕೆ ಕೊರೆಯೋ ಗುಂಡಿಯಲ್ಲಿ 63.5 ಕೆಜಿ ಸುತ್ತಿಗೇನ ಸುಮಾರು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸ್ತಾ, ಕೊಳವೆ 30 ಸೆಂಟಿಮೀಟರ್ ಇಳಿಯೋಕೆ ಎಷ್ಟು ಏಟು ಬೇಕು ಅಂತ ಎಣಿಸ್ತಾರಲ್ಲ, ಟಿಲ್‌ನಲ್ಲಿ ಒಂದು ದೊಡ್ಡ ಗುಂಡುಕಲ್ಲು ಅಡ್ಡ ಬಂದ್ರೂ ಕೊಳವೆ ಇಳಿಯಲ್ಲ. ಆಗ "ಬಂಡೆ ಸಿಕ್ತು" ಅಂತ ಬರೆದ್ರೆ ಓದೋನು ತಳದ ಬಂಡೆ ಅಂದ್ಕೊಂಡು ಅದರ ಮೇಲೇ ಪೈಲ್ (ಪಾಯದ ಕಂಬ) ನಿಲ್ಲಿಸ್ತಾನೆ. ಅದಕ್ಕೇ ಇನ್ನೂ ಕೆಲವು ಮೀಟರ್ ಕೊರೆದು ಕಲ್ಲಿನ ತುಂಡು ಮೇಲೆ ತೆಗೆದು ನೋಡ್ಬೇಕು. ಬೌಲ್ಡರಿಗೆ ಗುಂಡುಕಲ್ಲು, ಬೆಡ್‌ರಾಕಿಗೆ ಹಾಸುಬಂಡೆ ಅಂತ ಖಡಾಖಂಡಿತ ಬೇರೆ ಮಾಡೋದು ವಾಸಿ ಅನ್ಸುತ್ತೆ.

ಹೆಸರಿಗೆ ಬಂದ್ರೆ, ಔಟ್‌ವಾಶಿಗೆ ಹಿಮಮೆಕ್ಕಲು, ಲೇಕ್ ಕ್ಲೇಗೆ ಹಿಮಕೆರೆ ಜೇಡಿ ಅಂತ ಹೊಂದಿಸಿದೀನಿ. ಟಿಲ್‌ಗೆ "ಹಿಮಬೆರಕೆ" ಅಂತ ಬರೆದು ನೋಡ್ದೆ, ಬೆರಕೆ ಅಂದ್ರೆ ಕಲಬೆರಕೆಯ ವಾಸನೆ ಬರುತ್ತೆ ಅನ್ನೋ ಅನುಮಾನ, ಟಿಲ್ ಅಂತಲೇ ಬಿಟ್ಬಿಡೋಕೂ ನನ್ನ ಅಡ್ಡಿಯಿಲ್ಲ. ಧಾರವಾಡ, ಗದಗ, ವಿಜಯಪುರದ ಕಡೆ ಗೌಂಡಿಗಳ ಜೊತೆ ಕೆಲಸ ಮಾಡಿದವರು ಯಾರಾದ್ರೂ ಇದ್ರೆ, ಪಾಯ ಒಂದೇ ಕಡೆ ಇಳಿದು ಗೋಡೆ ವಾಲೋದಕ್ಕೆ ಅಲ್ಲಿ ಏನಂತಾರೆ ದಯವಿಟ್ಟು ತಿಳಿಸಿ.