ಆರರಿಂದ ಎಂಟು ವರ್ಷದ ಮಕ್ಕಳ ಕನ್ನಡ ವರ್ಗಕ್ಕೆ ಎಂಥ ಕರಕುಶಲ ಚಟುವಟಿಕೆ ಒಳ್ಳೆಯದು?

ಪ್ರಶ್ನೆ: ಡೊಂಬಿವಲಿಯ ಶಿಕ್ಷಕಿ

ಮಾನ್ಯರೇ, ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಪ್ರತಿ ಭಾನುವಾರ ಬೆಳಗ್ಗೆ ನಡೆಯುವ ಕನ್ನಡ ವರ್ಗದಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ವಾರವಿಡೀ ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದ ಶಾಲೆಗೆ ಹೋಗುವ ಮಕ್ಕಳಿವರು. ಕೆಲವರ ಮನೆಯಲ್ಲಿ ತುಳು, ಇನ್ನು ಕೆಲವರ ಮನೆಯಲ್ಲಿ ವಿಜಯಪುರ, ಕಲಬುರಗಿ ಕಡೆಯ ಕನ್ನಡ. ಮಾತಿಗೆ ಕೊರತೆಯಿಲ್ಲ, ಆದರೆ ಅಕ್ಷರ ಎಂದೊಡನೆ ಹಿಂಜರಿಯುತ್ತಾರೆ. ದೇವನಾಗರಿ ಕಲಿತ ಕೈಗಳು ಕನ್ನಡ ಅಕ್ಷರದ ಮೇಲೂ ನೇರ ಗೆರೆ ಎಳೆಯುತ್ತವೆ.

ಕೈಕೆಲಸದ ಮೂಲಕ ಅಕ್ಷರ ಮತ್ತು ಎಣಿಕೆ ಕಲಿಸಬೇಕೆಂಬುದು ನನ್ನ ಆಸೆ. ಆದರೆ ನಾನು ನೋಡಿದ ಹೆಚ್ಚಿನ ಚಟುವಟಿಕೆಗಳಲ್ಲಿ ದೊಡ್ಡವರು ಕತ್ತರಿಸಿಟ್ಟ ತುಂಡುಗಳನ್ನು ಮಗು ಅಂಟಿಸುವುದಷ್ಟೇ ಉಳಿದಿರುತ್ತದೆ, ಕೊನೆಗೆ ಇಡೀ ವರ್ಗದ ನವಿಲುಗಳೂ ಒಂದೇ ರೀತಿ ಕಾಣುತ್ತವೆ. ನಮ್ಮ ಸಭಾಂಗಣ ಮಧ್ಯಾಹ್ನ ಬೇರೆ ಕಾರ್ಯಕ್ರಮಕ್ಕೆ ಹೋಗುವುದರಿಂದ ಗೋಡೆಗೆ ಏನನ್ನೂ ಹಚ್ಚುವಂತಿಲ್ಲ, ಸಾಮಾನೆಲ್ಲ ಒಂದು ಟ್ರಂಕಿನಲ್ಲಿ ಹಿಡಿಸಬೇಕು. ಮಳೆಗಾಲದಲ್ಲಿ ಬಣ್ಣ ಒಣಗುವುದೂ ಇಲ್ಲ. ಹೆಚ್ಚು ಖರ್ಚಿಲ್ಲದೆ, ಮಗುವೇ ಯೋಚಿಸಿ ಮಾಡುವಂಥ ಕೆಲಸಗಳನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಮುಲುಂಡಿನ ನಿವೃತ್ತ ಶಿಕ್ಷಕಿ

ಮೊದಲು ಮಣ್ಣು ತನ್ನಿ. ಗಣೇಶ ಚೌತಿಗೆ ಮುಂಚೆ ಮುಂಬಯಿಯ ಪೇಟೆಗಳಲ್ಲಿ ಶಾಡು ಮಣ್ಣು, ಅಂದರೆ ಮೂರ್ತಿ ಮಾಡುವ ಜೇಡಿಮಣ್ಣು, ಸುಲಭವಾಗಿ ಸಿಗುತ್ತದೆ. ಅದನ್ನು ಸುಡದಿದ್ದರೆ ಎಷ್ಟು ಒಣಗಿದರೂ ನೀರಿನಲ್ಲಿ ನೆನೆಸಿದಾಗ ಮತ್ತೆ ಮಣ್ಣಾಗುತ್ತದೆ, ಆದ್ದರಿಂದ ಒಮ್ಮೆ ತಂದದ್ದು ವರ್ಷವಿಡೀ ಬಾಳುತ್ತದೆ. ಒದ್ದೆ ಬಟ್ಟೆ ಸುತ್ತಿ ಮುಚ್ಚಳವಿರುವ ಡಬ್ಬಿಯಲ್ಲಿಟ್ಟರೆ ಸಾಕು. ಅನೇಕರು ಹೇಳುವ ಮೈದಾ–ಉಪ್ಪಿನ ಹಿಟ್ಟನ್ನು ನಮ್ಮ ಮಳೆಗಾಲಕ್ಕೆ ಹಚ್ಚಬೇಡಿ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಮಾಡಿದ ಗೊಂಬೆ ವಾರದೊಳಗೆ ಮೆತ್ತಗಾಗುತ್ತದೆ.

ಕನ್ನಡದ ದುಂಡನೆಯ ಅಕ್ಷರಗಳಿಗೆ ಮಣ್ಣು ಹೇಳಿ ಮಾಡಿಸಿದ ವಸ್ತು. ಮಗು ಅಂಗೈಯಡಿ ಮಣ್ಣನ್ನು ಹೊಸೆದು ಕಿರುಬೆರಳಿನಷ್ಟು ದಪ್ಪದ ಬತ್ತಿ ಮಾಡಲಿ. ಅದನ್ನು ಬಳಸಿ ದುಂಡಗೆ ಮಾಡಿ ತಲೆಕಟ್ಟು ಇಟ್ಟರೆ ‘ರ’ ಆಯಿತು. ಒಳಗೊಂದು ಚುಕ್ಕೆ ಒತ್ತಿದರೆ ‘ಠ’. ‘ವ’ ಮಾಡಿದ ಮಗುವಿಗೆ ಇನ್ನೊಂದು ಚಿಕ್ಕ ಬತ್ತಿ ಕೊಟ್ಟು, ಬಾಲ ಜೋಡಿಸಿದರೆ ಯಾವ ಅಕ್ಷರವಾಗುತ್ತದೆ ಎಂದು ಕೇಳಿ, ‘ಮ’ ಎಂಬುದನ್ನು ಅದೇ ಕಂಡುಕೊಳ್ಳುತ್ತದೆ. ತಲೆಕಟ್ಟನ್ನು ಬೇರೆ ತುಂಡಾಗಿಯೇ ಮಾಡಿಸಿ ಮೇಲಿಡಿಸಿ, ಆಗ ಅದು ಮರಾಠಿಯ ಶಿರೋರೇಖೆಯಲ್ಲ ಎಂಬುದು ಬೆರಳಿಗೇ ತಿಳಿಯುತ್ತದೆ.

ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮದಲ್ಲೇ ಹೋಗಬೇಕೆಂದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ, ಆಟದ ಮೂಲಕ ಕಲಿಸುವ ನಲಿ–ಕಲಿ ಪದ್ಧತಿಯಲ್ಲಿ ಮೊದಲ ಗುಂಪಾಗಿ ಬರುವುದು ‘ರ, ಗ, ಸ, ದ, ಅ’. ಈ ಐದರಿಂದಲೇ ಸರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಪ್ರತಿ ಮಗುವೂ ಒಂದೊಂದು ಅಕ್ಷರ ಮಾಡಿ, ಹಲಗೆಯ ಮೇಲೆ ಪಕ್ಕಪಕ್ಕ ಇಟ್ಟು, ಜಾಗ ಅದಲು ಬದಲು ಮಾಡುತ್ತ ಪದ ಹುಡುಕಲಿ. ನೀವು ಪದ ಹೇಳಿಕೊಡದೆ ಸ್ವಲ್ಪ ಹೊತ್ತು ಕಾಯಬೇಕು. ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಶಿಕ್ಷಕಿಗೆ ಅತ್ಯಂತ ಕಷ್ಟವಾದ ಭಾಗ ಇದೇ.

ಉತ್ತರ: ಪುಣೆಯಿಂದ ಒಬ್ಬ ಪೋಷಕ

ಟ್ರಂಕಿನ ಚಿಂತೆಗೆ ಹಳೆಯ ಪತ್ರಿಕೆಗಿಂತ ಒಳ್ಳೆಯ ಸಾಮಗ್ರಿ ಇಲ್ಲ. ಕಾಗದ ಮಡಿಸುವ ಆಟದಲ್ಲಿ ಒಣಗಿಸುವ ಮಾತೇ ಇಲ್ಲ. ಚೌಕ ಕಾಗದವನ್ನು ಅಂಚಿಗೆ ಅಂಚು ಸೇರಿಸಿ ಮಡಿಸು, ತಿರುಗಿಸು, ಮೂಲೆಯನ್ನು ನಡುವಿಗೆ ತಾ, ಬಿಡಿಸು ಎಂದು ಕನ್ನಡದಲ್ಲೇ ಹೇಳುತ್ತ ಹೋದರೆ, ದೋಣಿ ಮುಗಿಯುವಷ್ಟರಲ್ಲಿ ಅರ್ಧ, ಕಾಲು, ತ್ರಿಕೋನ ಎಲ್ಲವೂ ಮಗುವಿನ ಕೈಗೇ ತಿಳಿದಿರುತ್ತವೆ. ಎರಡನೆಯ ಸಲ ಮಕ್ಕಳೇ ಒಬ್ಬರಿಗೊಬ್ಬರು ಸೂಚನೆ ಕೊಡಲಿ.

ನಮ್ಮ ಪುಣೆಯ ಖಗೋಳ ವಿಜ್ಞಾನ ಸಂಸ್ಥೆಯಾದ ಆಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಬಹುಕಾಲ ದುಡಿದ ಅರವಿಂದ ಗುಪ್ತಾ ಅವರು ಕಸದಿಂದ ಆಟಿಕೆ ಮಾಡುವುದನ್ನು ದೇಶಕ್ಕೆಲ್ಲ ಕಲಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಬೆಂಕಿಕಡ್ಡಿಗಳನ್ನು ಜೋಡಿಸುವ ಅವರ ಆಟ ಎರಡನೆಯ ತರಗತಿಯವರಿಗೆ ಒಗ್ಗುತ್ತದೆ. ಕಡ್ಡಿಗಳ ಮದ್ದನ್ನು ಮನೆಯಲ್ಲೇ ನೀವು ಕತ್ತರಿಸಿ ತೆಗೆದಿರಬೇಕು. ನಾಲ್ಕು ಕಡ್ಡಿಯ ಚೌಕವನ್ನು ಮೆಲ್ಲಗೆ ಒತ್ತಿದರೆ ಓರೆಯಾಗುತ್ತದೆ, ಮೂರು ಕಡ್ಡಿಯ ತ್ರಿಕೋನ ಜಗ್ಗುವುದಿಲ್ಲ. ಚೌಕಕ್ಕೆ ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಹಾಕಿದರೆ ಗಟ್ಟಿಯಾಗುತ್ತದೆ, ಆದರೆ ಆ ಕಡ್ಡಿ ಸ್ವಲ್ಪ ಉದ್ದವಾಗಿರಬೇಕು. ಏಕೆ ಉದ್ದ ಬೇಕು ಎಂಬ ಪ್ರಶ್ನೆಯನ್ನು ಮಕ್ಕಳಿಗೇ ಬಿಡಿ. ಮುಂದಿನ ವಾರ ರೈಲು ಸೇತುವೆಯ ಕಬ್ಬಿಣದಲ್ಲಿ ತ್ರಿಕೋನಗಳನ್ನು ಎಣಿಸಿಕೊಂಡು ಬರಲು ಹೇಳಿ.

ಉತ್ತರ: ವಸಯಿಯ ಚಿತ್ರಕಲಾ ಶಿಕ್ಷಕ

ಮೇಲಿನ ಸಲಹೆಗಳೆಲ್ಲ ಉಪಯುಕ್ತ, ಆದರೂ ಒಂದು ಭಿನ್ನಾಭಿಪ್ರಾಯವನ್ನು ಹೇಳಲೇಬೇಕು. ಪ್ರತಿ ಕೈಕೆಲಸವೂ ಅಕ್ಷರಕ್ಕೋ ಲೆಕ್ಕಕ್ಕೋ ದುಡಿಯಬೇಕೆಂದು ಕಟ್ಟಿಹಾಕಿದರೆ ಮಗು ಅದನ್ನೂ ಪಾಠವೆಂದೇ ಎಣಿಸುತ್ತದೆ. ತಿಂಗಳಲ್ಲಿ ಒಂದು ಭಾನುವಾರವಾದರೂ ಚಿತ್ರಕ್ಕಾಗಿಯೇ ಚಿತ್ರ ಇರಲಿ.

ಪಾಲ್ಘರ್ ಜಿಲ್ಲೆಯ ಡಹಾಣೂ, ತಲಾಸರಿ ಕಡೆಯ ವಾರ್ಲಿ ಆದಿವಾಸಿಗಳ ಕಲೆ ನಮ್ಮ ನೆರೆಯದೇ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ತುದಿ ಜಜ್ಜಿದ ಬಿದಿರುಕಡ್ಡಿಯಲ್ಲಿ ಮದುವೆಯ ಸಮಯಕ್ಕೆ ಹೆಂಗಸರು ಬರೆಯುತ್ತಿದ್ದ ಈ ಚಿತ್ರಗಳನ್ನು ಜಗತ್ತಿಗೆ ಪರಿಚಯಿಸಿದವರು ಜಿವ್ಯಾ ಸೋಮಾ ಮಾಶೆ. 2011ರಲ್ಲಿ ಪದ್ಮಶ್ರೀ ಪಡೆದರು. ಎರಡು ತ್ರಿಕೋನಗಳ ತುದಿ ಕೂಡಿದರೆ ಮನುಷ್ಯನ ಮೈ, ಮೇಲೊಂದು ವೃತ್ತ ತಲೆ. ಆರು ವರ್ಷದ ಮಗುವೂ ಧೈರ್ಯದಿಂದ ಬರೆಯಬಲ್ಲದು. ಕಂದು ಬಣ್ಣದ ಕಾಗದ, ಅಕ್ಕಿಹಿಟ್ಟು ಕಲಸಿದ ನೀರು, ಕಡ್ಡಿ, ಇಷ್ಟೇ ಖರ್ಚು. ತೆಳುವಾಗಿ ಬಳಿದರೆ ಫ್ಯಾನಿನಡಿ ಬೇಗ ಒಣಗುತ್ತದೆ. ಆದರೆ ವಾರ್ಲಿ ಚಿತ್ರಗಳಲ್ಲಿ ಕಾಣುವ, ಸುತ್ತುಗಟ್ಟಿ ಕುಣಿಯುವ ತಾರ್ಪಾ ನೃತ್ಯದ ನಕಲು ಮಾಡಿಸಬೇಡಿ. ಅದನ್ನು ನೋಡಿದ ಬಳಿಕ ಮಕ್ಕಳು ತಮ್ಮ ಲೋಕಲ್ ರೈಲನ್ನು, ನೀರಿನ ಸರದಿಯನ್ನು, ಮಹಡಿಯ ಮೇಲಿನ ಅಜ್ಜಿಯನ್ನು ಆ ರೇಖೆಗಳಲ್ಲಿ ಬರೆಯಲಿ.

ಅದೇ ಕಡಲಂಚಿನ ಬೋರ್ಡಿಯಲ್ಲಿ 1945ರಲ್ಲಿ ಗ್ರಾಮ ಬಾಲ ಶಿಕ್ಷಣ ಕೇಂದ್ರ ಆರಂಭಿಸಿ, ಮುಂದೆ ಕೋಸಬಾಡದಲ್ಲಿ ಅನುತಾಯಿ ವಾಘ್ ಅವರೊಂದಿಗೆ ಆದಿವಾಸಿ ಮಕ್ಕಳಿಗಾಗಿ ದುಡಿದ ತಾರಾಬಾಯಿ ಮೋಡಕ್ ಅವರು ಹರಳು, ಎಲೆ, ಬೀಜಗಳನ್ನೇ ಕಲಿಕೆಯ ಸಾಮಗ್ರಿ ಮಾಡಿಕೊಂಡಿದ್ದರು. ದುಬಾರಿ ಕಿಟ್ ಕೊಳ್ಳುವಂತೆ ಯಾರಾದರೂ ಒತ್ತಾಯಿಸಿದರೆ ಇದನ್ನು ನೆನಪಿಸಿ.

ಉತ್ತರ: ಥಾಣೆಯ ಗೃಹಿಣಿ

ತುಳುನಾಡಿನ ಮಕ್ಕಳಿದ್ದಾರೆ ಎಂದಿದ್ದೀರಿ, ಆದ್ದರಿಂದ ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ಚೆನ್ನೆಮಣೆ, ಅಂದರೆ ಗುಳಿಗಳಲ್ಲಿ ಬೀಜ ಹಂಚಿ ಆಡುವ ಮಣೆ, ಮಾಡಿಸಿ. ರಟ್ಟಿನ ಮೇಲೆ ಏಳರಂತೆ ಎರಡು ಸಾಲು ಐಸ್‌ಕ್ರೀಮ್ ಕಪ್ ಅಂಟಿಸಿದರೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಹುಣಸೆ ಬೀಜ. ಬೀಜ ಸಾಕಾಗುವುದೇ ಎಂದು ಮಕ್ಕಳೇ ಹಂಚಿ ನೋಡಲಿ. ಅಜ್ಜಿಯರನ್ನು ಆ ದಿನ ಕರೆಯಿರಿ, ಆಟದ ನಿಯಮ ಅವರೇ ಹೇಳಿಕೊಡುತ್ತಾರೆ. ಚೆಂದ ಕಾಣುತ್ತದೆಂದು ಗುಲಗಂಜಿಯನ್ನು ಮಾತ್ರ ಎಂದೂ ಬಳಸಬೇಡಿ. ಅದನ್ನು ಅಗಿದರೆ ಪ್ರಾಣಾಪಾಯವಿದೆ.

ಮರುಪ್ರಶ್ನೆ: ಡೊಂಬಿವಲಿಯ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಮಣ್ಣನ್ನು ಈ ವಾರವೇ ತರಿಸುತ್ತೇನೆ. ಇನ್ನೆರಡು ವಿಷಯ ಕೇಳಬೇಕಿದೆ: ಮನೆಯಲ್ಲೇ ಅಂಟು ಮಾಡುವುದು ಹೇಗೆ? ಮಗು ಮಾಡಿದ್ದನ್ನು ಪೋಷಕರು ಮನೆಯಲ್ಲಿ ತಿದ್ದಿ ಅಂದಗೊಳಿಸಿ ತರುವುದನ್ನು ತಡೆಯುವುದು ಹೇಗೆ?

ಉತ್ತರ: ಮುಲುಂಡಿನ ನಿವೃತ್ತ ಶಿಕ್ಷಕಿ

ಒಂದು ಪಾಲು ಮೈದಾವನ್ನು ನಾಲ್ಕು ಪಾಲು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಗಟ್ಟಿಯಾಗಿ ಹೊಳಪು ಬಂದಾಗ ಇಳಿಸಿ. ಹಿಂದೆ ಹುಳು ಹಿಡಿಯದಿರಲೆಂದು ಇದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳ ಅಂಟಿಗೆ ಸಲ್ಲದು. ಮಳೆಗಾಲದಲ್ಲಿ ಬೇಗ ಹುಳಿಯುವುದರಿಂದ ಶನಿವಾರ ರಾತ್ರಿ ಬೇಕಾದಷ್ಟೇ ಕಾಯಿಸಿ.

ಪೋಷಕರ ವಿಷಯದಲ್ಲಿ, ಅರ್ಧ ಆದ ಕೆಲಸವನ್ನು ಮನೆಗೆ ಕಳಿಸಲೇಬೇಡಿ. ಮುಗಿಯದಿದ್ದರೆ ಟ್ರಂಕಿನಲ್ಲೇ ಇರಲಿ, ಮುಂದಿನ ಭಾನುವಾರ ಮುಂದುವರಿಯಲಿ. ಮುಗಿದ ಮೇಲೆ ಇದೇನು ಎಂದು ಮಗುವನ್ನು ಕೇಳಿ, ಅದು ಹೇಳಿದ ಮಾತನ್ನು ತುಳು ಬೆರೆತಿದ್ದರೂ ಹಾಗೆಯೇ ಒಂದು ಚೀಟಿಯಲ್ಲಿ ಬರೆದು ಕೆಳಗೆ ಅಂಟಿಸಿ. ವರ್ಗ ಮುಗಿಯುವ ಹತ್ತು ನಿಮಿಷ ಮೊದಲು ಪೋಷಕರನ್ನು ಒಳಗೆ ಕರೆದರೆ, ಮಕ್ಕಳು ತಮ್ಮ ಕೆಲಸವನ್ನು ತಾವೇ ವಿವರಿಸುತ್ತಾರೆ. ಗೋಡೆ ಬೇಕಾಗುವುದಿಲ್ಲ, ಜಮಖಾನೆಯ ಮೇಲೆ ಹರಡಿದರೂ ನಡೆಯುತ್ತದೆ.