ಅಪ್‌ಡೇಟ್: ನಿಕಲೇಟ್ ಹರಳು ಕೊನೆಗೂ ಪುಡಿಯಾಗಲಿಲ್ಲ

ಹೋದ ವಾರ ಕೇಳಿದ್ದೆನಲ್ಲ, ಫ್ಲೋಟಿಂಗ್ ಝೋನ್ ಕುಲುಮೆಯಲ್ಲಿ (ಸರಳನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಹರಳು ಬೆಳೆಸುವ ಕುಲುಮೆ) 20 ಬಾರ್ ಆಕ್ಸಿಜನ್ ಒತ್ತಡದಲ್ಲಿ ಬೆಳೆಸಿದ ಲ್ಯಾಂಥನಮ್ ನಿಕಲೇಟ್ (4-3-10, ಅಂದರೆ 4 ಲ್ಯಾಂಥನಮ್, 3 ನಿಕಲ್, 10 ಆಕ್ಸಿಜನ್ ಇರುವ ಆಕ್ಸೈಡ್) ಹರಳಿನಿಂದ ಆಕ್ಸಿಜನ್ ತೆಗೆದು 4-3-8 ಮಾಡೋಕೆ ಹೋದರೆ ಎಲ್ಲ ಪುಡಿಯಾಗ್ತಿದೆ ಅಂತ. ಈಗ ಸರಿಹೋಯ್ತು.

ಉಷ್ಣತೆ ಏರಿಸಿ ಬೇಗ ಮುಗಿಸಿ ಅಂದವರ ಮಾತು ಕೇಳಿ ಒಂದು ತುಂಡು ಹಾಳಾಯ್ತು. ಹೊರಗೆ ತೆಗೆದು ಮ್ಯಾಗ್ನೆಟ್ ಹತ್ತಿರ ಹಿಡಿದೆ, ಟಪ್ ಅಂತ ಅಂಟಿಕೊಂಡಿತು. ಅಂದರೆ ಒಳಗೆ ನಿಕಲ್ ಲೋಹವೇ ಬಂದುಬಿಟ್ಟಿದೆ. ಆಕ್ಸಿಜನ್ ಎಳೆದುಕೊಳ್ಳುವ ಕ್ಯಾಲ್ಸಿಯಂ ಹೈಡ್ರೈಡ್ ಜೊತೆ ಸೀಲ್ ಮಾಡಿ ಕಾಯಿಸುವುದನ್ನೂ ನೋಡಿದೆ, ನನ್ನ ಕೈಗೆ ಅದು ಹತ್ತಲಿಲ್ಲ.

ಕೆಲಸಕ್ಕೆ ಬಂದದ್ದು 'ಸುಮ್ನೆ ತಾಳ್ಮೆಯಿಂದಿರಿ' ಅಂದವರ ಸಲಹೆ. ಆರ್ಗಾನ್‌ನಲ್ಲಿ 4% ಹೈಡ್ರೋಜನ್, 350 ಡಿಗ್ರಿ ಸೆಲ್ಸಿಯಸ್, 5 ದಿನ. ಹರಳನ್ನು ಮೊದಲೇ ಸಣ್ಣ ತುಂಡು ಮಾಡಿಕೊಂಡೆ, ಬಿಸಿ ಮಾಡೋದೂ ತಣಿಸೋದೂ ನಿಧಾನ. ತೂಕ ನೋಡೋದು ಮರೀಬೇಡಿ: ಎರಡು ಆಕ್ಸಿಜನ್ ಹೋದರೆ ಸುಮಾರು 3.6% ಇಳಿಯಬೇಕು, 7% ದಾಟಿತು ಅಂದರೆ ಹರಳು ಪೂರ್ತಿ ಒಡೆದು ಆಕ್ಸೈಡ್ ಮತ್ತು ಲೋಹ ಆಗಿದೆ ಅಂತಲೇ. ನನ್ನದು 3.5%ಕ್ಕೆ ನಿಂತಿತು.

ಆಶ್ಚರ್ಯ ಅಂದರೆ ನೋಡೋಕೆ ಏನೂ ಬದಲಾಗಿಲ್ಲ, ಅದೇ ಕಪ್ಪು. ಆದರೆ ಚಿಮಟದಲ್ಲಿ ಸ್ವಲ್ಪ ಜಾಸ್ತಿ ಒತ್ತಿದರೂ ಪದರ ಪದರವಾಗಿ ಎದ್ದು ಬರುತ್ತೆ. ಪದರಗಳ ನಡುವಿನ ಆಕ್ಸಿಜನ್ ತಾನೇ ಹೋಗಿರೋದು, ಅಲ್ವಾ? ತಣಿಸಿ ವಿದ್ಯುತ್ ರೋಧ ಅಳೆದಾಗ 105 ಕೆಲ್ವಿನ್ (ಸುಮಾರು −168 ಡಿಗ್ರಿ ಸೆಲ್ಸಿಯಸ್) ಹತ್ತಿರ ಸರ್ರನೆ ಮೇಲೇರಿತು. 4-3-8ರ ಗುರುತೇ ಅದು.