ಪದಚರ್ಚೆ: ‘ನಿರೋಧಕತೆ’ ಯಾರದು, ಯಾವುದಕ್ಕೆ?

ಬಳಗದವರಿಗೆ ನಮಸ್ಕಾರ.

ನೀರು ಮತ್ತು ಆರೋಗ್ಯದ ಬಗ್ಗೆ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಕರಡಿನಲ್ಲಿ ‘ಕೆರೆ ಹೊಳೆಗಳ ನೀರಿನಲ್ಲಿ ಪ್ರತಿಜೀವಕ ನಿರೋಧಕತೆ ಹೆಚ್ಚುತ್ತಿದೆ’ ಎಂದು ಬರೆದಿದ್ದೆ. ಪ್ರತಿಜೀವಕ, ಅಂದರೆ ಆಂಟಿಬಯೋಟಿಕ್ ಮದ್ದು ಕೊಟ್ಟರೂ ಬ್ಯಾಕ್ಟೀರಿಯಾ ಸಾಯದಿರುವುದು ಹೆಚ್ಚುತ್ತಿದೆ ಎಂಬುದು ನಾನು ಹೇಳಹೊರಟದ್ದು. ನಮ್ಮತ್ತೆ ಅದನ್ನು ಓದಿ, ‘ಒಳ್ಳೇದೇ ಆಯ್ತಲ್ಲ, ಅದಕ್ಯಾಕೆ ಪುಸ್ತಕ?’ ಅಂದರು. ಕೊರೋನಾ ಬಂದಾಗಿನಿಂದ ಮನೆಮನೆಯಲ್ಲೂ ‘ರೋಗನಿರೋಧಕ ಶಕ್ತಿ’ಯದೇ ಮಾತು, ಕಷಾಯದ ಪೊಟ್ಟಣದ ಮೇಲೂ ಅದೇ. ನಿರೋಧಕ ಅಂದರೆ ಮೈಗೆ ಒಳ್ಳೆಯದು ಎಂಬುದು ಅವರ ಲೆಕ್ಕ. ತಪ್ಪು ಅವರದಲ್ಲ, ನನ್ನ ವಾಕ್ಯದ್ದು.

ಕೂತು ಯೋಚಿಸಿದೆ. ಜಲನಿರೋಧಕ, ಗುಂಡುನಿರೋಧಕ, ಗರ್ಭನಿರೋಧಕ: ಇಲ್ಲೆಲ್ಲ ಮೊದಲ ಪದ ಯಾವುದೋ ಅದನ್ನು ತಡೆಯುವಂಥದ್ದು ಎಂದೇ ಅರ್ಥ. ಆ ಲೆಕ್ಕದಲ್ಲಿ ‘ಪ್ರತಿಜೀವಕ ನಿರೋಧಕ ಬ್ಯಾಕ್ಟೀರಿಯಾ’ ವ್ಯಾಕರಣಕ್ಕೆ ಸರಿಯೇ. ಆದರೆ ಎಎಂಆರ್ (ಆಂಟಿಮೈಕ್ರೋಬಿಯಲ್ ರೆಸಿಸ್ಟೆನ್ಸ್, ರೋಗಾಣುಗಳು ಮದ್ದಿಗೆ ಸಾಯದಿರುವುದು) ಎಂಬುದಕ್ಕೆ ಬಳಕೆಯಲ್ಲಿರುವ ‘ಸೂಕ್ಷ್ಮಜೀವಿ ನಿರೋಧಕತೆ’ಯನ್ನು ಇದೇ ಅಚ್ಚಿಗೆ ಹಾಕಿ ನೋಡಿ. ಸೂಕ್ಷ್ಮಜೀವಿಯನ್ನು ತಡೆಯುವ ಗುಣ ಎಂದಾಗುತ್ತದೆ. ಅದು ಔಷಧದ ಕೆಲಸ! ಹೇಳಬೇಕಾದದ್ದು ಪೂರ್ತಿ ತಿರುವುಮುರುವು. ‘ಸೂಕ್ಷ್ಮಜೀವಿಯ ನಿರೋಧಕತೆ’ ಎಂದು ಷಷ್ಠಿಯಲ್ಲಿ ಬಿಡಿಸಿಕೊಳ್ಳಬಹುದು ಅಂತ ಯಾರಾದರೂ ಹೇಳಬಹುದು, ನಿಜ. ಆದರೆ ‘ರೋಗನಿರೋಧಕ’ವನ್ನು ರೋಗದ ನಿರೋಧಕ ಎಂದು ಯಾರೂ ಬಿಡಿಸಿಕೊಳ್ಳುವುದಿಲ್ಲವಲ್ಲ.

ಹಾಗಾದರೆ ಜನರ ಬಾಯಲ್ಲಿ ಏನಿದೆ? ರೈತರು ‘ಹುಳ ಔಷಧಿಗೆ ಒಗ್ಗಿಬಿಟ್ಟಿದೆ, ಎಷ್ಟು ಹೊಡೆದರೂ ಸಾಯಲ್ಲ’ ಅನ್ನುವುದನ್ನು ಕೇಳಿದ್ದೇನೆ. ‘ಒಗ್ಗು’ ಸೊಗಸಾದ ಮಾತು, ಆದರೂ ನನಗೆ ಅರೆಮನಸ್ಸು. ಒಂದೇ ಹುಳ ದಿನದಿನಕ್ಕೆ ರೂಢಿ ಮಾಡಿಕೊಂಡಿತು ಎಂಬ ಚಿತ್ರ ಅದರಲ್ಲಿದೆ. ನಡೆಯುವುದು ಹಾಗಲ್ಲ. ಔಷಧಕ್ಕೆ ಸೋಲುವವು ಸಾಯುತ್ತವೆ, ಮೊದಲೇ ತಾಳಿಕೊಳ್ಳಬಲ್ಲವು ಉಳಿದು ಸಂತಾನ ಬೆಳೆಸುತ್ತವೆ. ಸಾಲದ್ದಕ್ಕೆ ‘ನನ್ನ ಮೈಗೆ ಮಾತ್ರೆ ಒಗ್ಗಿಹೋಗಿದೆ’ ಎಂದು ಹೇಳುವವರೂ ಇದ್ದಾರೆ. ಒಗ್ಗಿದ್ದು ಮೈ ಅಲ್ಲ, ಬ್ಯಾಕ್ಟೀರಿಯಾ ಎಂಬುದೇ ಇಲ್ಲಿ ಮುಖ್ಯ ವಿಷಯ.

ಸದ್ಯಕ್ಕೆ ನಾನು ಹಿಡಿದಿರುವುದು ‘ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ’. ಯಾರು, ಯಾವುದಕ್ಕೆ, ಎರಡೂ ಸ್ಪಷ್ಟ. ಅತ್ತೆಗೆ ಮತ್ತೆ ಓದಿಸಿದೆ. ‘ಹಾಗಾದ್ರೆ ಕುದಿಸಿದ್ರೂ ಸಾಯಲ್ವಾ?’ ಎಂದು ಕೇಳಿದರು. ಸಾಯುತ್ತವೆ. ಮದ್ದಿಗೆ ಜಗ್ಗದ್ದು ಬೆಂಕಿಗೂ ಜಗ್ಗಬಾರದೆಂದೇನೂ ಇಲ್ಲ, ನೀರು ಚೆನ್ನಾಗಿ ಕುದ್ದರೆ ಇವೂ ಉಳಿದವುಗಳ ಹಾಗೆಯೇ. ಬರೀ ‘ನಿರೋಧಕ ಬ್ಯಾಕ್ಟೀರಿಯಾ’ ಎಂದು ಬರೆದು ಬಿಟ್ಟರೆ ಈ ಗೊಂದಲ ಇನ್ನೂ ಜಾಸ್ತಿ. ಅದಕ್ಕೇ ‘ಮದ್ದಿಗೆ’ ಎಂಬುದನ್ನು ಯಾವ ಕಾರಣಕ್ಕೂ ಉದುರಿಸಬಾರದು ಅಂತ ನನ್ನ ಹಟ.

ಎರಡನೆಯ ತೊಡಕು. ‘ನೀರಿನಲ್ಲಿ ಆಂಟಿಬಯೋಟಿಕ್’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ತುರುಕುತ್ತೇವೆ: ಮದ್ದು, ಮದ್ದನ್ನು ಸೋಲಿಸುವ ಜೀನ್, ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ. ಹೈದರಾಬಾದಿನ ಬಳಿಯ ಪಟಾನ್‌ಚೆರುವನ್ನೇ ತೆಗೆದುಕೊಳ್ಳಿ. (ಈ ‘ಚೆರು’ ತೆಲುಗಿನ ಚೆರುವು, ನಮ್ಮ ಕೆರೆಯ ತಂಗಿ. ಅಲ್ಲಿ ಕಕಾರ ಚಕಾರವಾಗಿದೆ, ಅಷ್ಟೇ.) ಸುಮಾರು 90 ಔಷಧ ಕಾರ್ಖಾನೆಗಳ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕವೊಂದು ಅಲ್ಲಿತ್ತು. ಶುದ್ಧವಾಗಿ ಹೊರಬಿದ್ದ ನೀರಿನಲ್ಲೇ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಇದೆಯೆಂದು 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದರು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚು! ಇಲ್ಲಿ ನೀರಿನಲ್ಲಿರುವುದು ಮದ್ದು. ‘ಶೇಷ’ ಎನ್ನಲು ಮನಸ್ಸಾಗದು, ಅಷ್ಟೊಂದು ಇರುವುದು ಯಾವ ಶೇಷ? ‘ಮದ್ದಿನ ಉಳಿಕೆ’ ಎಂದು ಬರೆದುಕೊಂಡಿದ್ದೇನೆ, ಅದೂ ಅಷ್ಟಕ್ಕಷ್ಟೆ.

ದೆಹಲಿಯ ಕತೆ ಬೇರೆ. 2010ರಲ್ಲಿ ಅಲ್ಲಿನ ನಲ್ಲಿ ನೀರಿನ 50 ಮಾದರಿ, ಬೀದಿಯಲ್ಲಿ ನಿಂತ ಮತ್ತು ಹರಿಯುವ ನೀರಿನ 171 ಮಾದರಿ ತೆಗೆದು ನೋಡಿದರು. ನಲ್ಲಿ ನೀರಿನ 2ರಲ್ಲಿ, ಬೀದಿ ನೀರಿನ 51ರಲ್ಲಿ ಎನ್‌ಡಿಎಂ-1 ಜೀನ್ ಸಿಕ್ಕಿತು. ಬೇರೆ ಮದ್ದು ಸೋತಾಗ ಆಸ್ಪತ್ರೆಯವರು ಕೈಹಾಕುವ ಕಾರ್ಬಪೆನೆಮ್ ಎಂಬ ಆಂಟಿಬಯೋಟಿಕ್‌ಗಳನ್ನು ಮುರಿದುಹಾಕುವ ಕಿಣ್ವವನ್ನು ತಯಾರಿಸುವುದು ಈ ಜೀನಿನ ಕೆಲಸ. ಹೆಸರಿನ ‘ಎನ್‌ಡಿ’ ಎಂದರೆ ನ್ಯೂ ಡೆಲ್ಲಿ, ಅದಕ್ಕೆ ನಮ್ಮ ಸರ್ಕಾರ ಮುನಿಸಿಕೊಂಡದ್ದು ಬೇರೆಯೇ ಪದಚರ್ಚೆ.

ಜೀನಿಗೆ ನಾವು ‘ವಂಶವಾಹಿ’ ಅನ್ನುತ್ತೇವೆ. ಇಲ್ಲಿ ಆ ಪದ ಕೈಕೊಡುತ್ತದೆ. ಈ ಜೀನ್ ತಾಯಿಯಿಂದ ಮರಿಗೆ ಇಳಿಯುವುದಷ್ಟೇ ಅಲ್ಲ, ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರದಲ್ಲಿ ಕೂತು ಪಕ್ಕದ ಬ್ಯಾಕ್ಟೀರಿಯಾಕ್ಕೆ, ಬೇರೆ ಜಾತಿಯದಕ್ಕೂ ದಾಟುತ್ತದೆ. ದೆಹಲಿಯ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾದಲ್ಲೂ ಅದು ಸಿಕ್ಕಿತ್ತು. ವಂಶವನ್ನೇ ಬಿಟ್ಟು ಹೋಗುವುದಕ್ಕೆ ವಂಶವಾಹಿ ಎನ್ನುವುದು ಹೇಗೆ? ಹೀಗೆ ಪಕ್ಕಕ್ಕೆ ದಾಟುವುದನ್ನು ‘ಸಮತಲ ವರ್ಗಾವಣೆ’ ಎಂದರೆ ಗುಮಾಸ್ತರ ವರ್ಗಾವಣೆ ನೆನಪಾಗುತ್ತದೆ. ನಾನು ‘ಜೀನ್ ಕೈಗಡ’ ಎಂದು ಬರೆದಿದ್ದೇನೆ. ಕೊಟ್ಟ ಬ್ಯಾಕ್ಟೀರಿಯಾ ತನ್ನ ಬಳಿಯೂ ಒಂದು ಪ್ರತಿ ಇಟ್ಟುಕೊಳ್ಳುತ್ತದೆ, ಹಾಗಾಗಿ ಪೂರ್ತಿ ಕೈಗಡವೂ ಅಲ್ಲ. ಇರಲಿ.

ನಿಜಕ್ಕೂ ಸಿಕ್ಕಿಬಿದ್ದಿರುವುದು ಮೂರನೆಯದರಲ್ಲಿ. ಬ್ರಿಟನ್ನಿನಲ್ಲಿ ಸಮುದ್ರದಲ್ಲಿ ಸರ್ಫಿಂಗ್ (ಹಲಗೆಯ ಮೇಲೆ ಅಲೆಯಾಟ) ಮಾಡುವ 143 ಜನರನ್ನೂ ಮಾಡದ 130 ಜನರನ್ನೂ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೆಫೊಟಾಕ್ಸಿಮ್ ಎಂಬ ಆಂಟಿಬಯೋಟಿಕ್‌ಗೆ ಜಗ್ಗದ ಇ. ಕೋಲಿ ಬ್ಯಾಕ್ಟೀರಿಯಾ ಮೊದಲ ಗುಂಪಿನ 13 ಜನರ ಕರುಳಿನಲ್ಲಿ, ಎರಡನೆಯ ಗುಂಪಿನ 4 ಜನರಲ್ಲಿ ಇತ್ತು. ಇವರು ಕಾಯಿಲೆ ಎಂದು ಬಂದವರಲ್ಲ. ಅದು ಸುಮ್ಮನೆ ಒಳಗೆ ಇದೆ. ಮುಂದೆ ಎಂದೋ ಮೂತ್ರದ ಸೋಂಕೋ ಆಪರೇಷನ್ನೋ ಆದಾಗ ಅದೇ ಎದ್ದು ನಿಂತರೆ ಮದ್ದು ನಾಟುವುದಿಲ್ಲ. ನೀರಿನಿಂದ ಬರುವ ಅಪಾಯದ ದೊಡ್ಡ ಪಾಲು ಹೀಗೆ ಸದ್ದಿಲ್ಲದ್ದು. ಹೀಗೆ ಒಳಗೆ ನೆಲೆಸುವುದಕ್ಕೆ ಇಂಗ್ಲಿಷಿನಲ್ಲಿ ‘ಕಾಲೊನೈಸೇಷನ್’ ಅನ್ನುತ್ತಾರೆ, ಕನ್ನಡದಲ್ಲಿ ಏನೆನ್ನುವುದು? ‘ಸೋಂಕು’ ಎಂದರೆ ಸುಳ್ಳಾಗುತ್ತದೆ. ‘ವಸಾಹತು’ ಎಂದರೆ ಈಸ್ಟ್ ಇಂಡಿಯಾ ಕಂಪನಿ ಬರುತ್ತದೆ. ‘ಬೀಡುಬಿಡು’ ಎನ್ನೋಣವೆಂದರೆ ದಂಡಿನಂತೆ ನಾಳೆ ಎದ್ದು ಹೋಗುವ ಭಾವ. ‘ಕರುಳಲ್ಲಿ ಒಕ್ಕಲಾಗು’ ನನಗೆ ತುಂಬ ಹಿಡಿಸಿದೆ, ಆದರೆ ಒಕ್ಕಲು ಮಾನವಂತ ಮಾತು, ರೋಗಾಣುವಿಗೆ ಕೊಡಲು ಕೈ ಬರುತ್ತಿಲ್ಲ.

ನಿಮ್ಮ ಕಡೆ ಇಂಥದಕ್ಕೆ, ಅಂದರೆ ಒಳಗೆ ಸೇರಿಕೊಂಡು ಇನ್ನೂ ತೊಂದರೆ ಕೊಡದೆ ಇರುವುದಕ್ಕೆ, ಏನನ್ನುತ್ತಾರೆ? ದನಕರುಗಳ ವಿಷಯದಲ್ಲಿ ಬಳಸುವ ಮಾತಾದರೂ ಸರಿ. ಹಾಗೆಯೇ ಕರಾವಳಿಯಲ್ಲಿ, ಧಾರವಾಡದ ಕಡೆ ‘ಮದ್ದು ನಾಟಲಿಲ್ಲ’ ಎಂಬುದಕ್ಕೆ ಏನು ಹೇಳುತ್ತೀರಿ? ಕರಡು ಮುಂದಿನ ಗುರುವಾರ ಮುದ್ರಣಕ್ಕೆ ಹೋಗುತ್ತದೆ.